ಮುಗಿಸುವುದು ಬೇರೆ, ನಿಲ್ಲಿಸುವುದು ಬೇರೆ

"ಇದೊಂದು ಮುಗಿದುಬಿಡಲಿ ಮೇಡಂ, ಆಮೇಲೆ ಮನೆ ಕಡೆ ಗಮನ ಕೊಡ್ತೀನಿ."

ಆಪ್ತಸಮಾಲೋಚಕಿಯಾಗಿ ನಾನು ಅತಿ ಹೆಚ್ಚು ಕೇಳಿದ ಮಾತು ಇದೇ ಇರಬೇಕು. ಹೇಳುವವರು ನೆಪ ಹೇಳುತ್ತಿರುವುದಿಲ್ಲ, ಮನಸಾರೆ ಹಾಗೇ ಅಂದುಕೊಂಡಿರುತ್ತಾರೆ. ಮೂರು ತಿಂಗಳು ಬಿಟ್ಟು ಮತ್ತೆ ಬರುತ್ತಾರೆ. ಆ 'ಇದೊಂದು' ಮುಗಿದಿರುತ್ತದೆ. ಅದರ ಜಾಗದಲ್ಲಿ ಇನ್ನೊಂದು 'ಇದೊಂದು' ಬಂದು ಕೂತಿರುತ್ತದೆ.

ರಜೆ ತಗೊಳ್ಳಿ, ಮೊಬೈಲ್ ಪಕ್ಕಕ್ಕಿಡಿ, ಸರಿಯಾಗಿ ನಿದ್ದೆ ಮಾಡಿ. ಇವೆಲ್ಲ ನಿಮಗೆ ಗೊತ್ತಿರುವುದೇ, ನಾನು ಮತ್ತೆ ಹೇಳುವುದಿಲ್ಲ. ಆದರೆ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಜನ ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ. ಕೆಲಸ ಮುಗಿಸುವುದು ಬೇರೆ, ಕೆಲಸ ನಿಲ್ಲಿಸುವುದು ಬೇರೆ.

ಮುಗಿಯುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. ಬೇರೆಯವರ ಉತ್ತರ ಬರಬೇಕು, ಮೇಲಿನವರ ಸಹಿ ಆಗಬೇಕು, ನಾಳೆ ಹೊಸದು ಸೇರಿಕೊಳ್ಳುತ್ತದೆ. ನಿಲ್ಲಿಸುವುದು ಮಾತ್ರ ದಿನಾ ನೀವೇ ಮಾಡಬೇಕಾದದ್ದು. "ಹಾಗಾದ್ರೆ ಅರ್ಧಕ್ಕೆ ಬಿಟ್ಟು ಎದ್ದು ಹೋಗ್ಲಾ?" ಅಂತ ಕೇಳುತ್ತಾರೆ. ಅಯ್ಯೋ, ಅದೂ ಅಲ್ಲ. ಎದ್ದು ಹೋಗುವುದು ನಿಲ್ಲಿಸುವುದಲ್ಲ. ಕಾಲು ಮನೆಗೆ ಬಂದಿರುತ್ತದೆ, ತಲೆ ಇನ್ನೂ ಅಲ್ಲೇ ಕೂತಿರುತ್ತದೆ.

ಒಬ್ಬ ಹೆಣ್ಣುಮಗಳು ಬಂದಿದ್ದರು (ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ). ಗಡಿಯಾರ ನೋಡಿಕೊಂಡು ಕಚೇರಿ ಬಿಡುವವರು. ಮನೆಯಲ್ಲಿ ಫೋನ್ ಮುಟ್ಟುತ್ತಿರಲಿಲ್ಲ. ರಾತ್ರಿ ಮಗನಿಗೆ ಕಥೆ ಓದುವುದು ತಪ್ಪಿಸುತ್ತಿರಲಿಲ್ಲ. ಒಂದು ರಾತ್ರಿ ಓದುತ್ತಾ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟರು. ಗೊತ್ತೇ ಆಗಲಿಲ್ಲ, ಬಾಯಿ ಓದುತ್ತಲೇ ಇತ್ತು. ಮಗ ಏನೂ ಅನ್ನಲಿಲ್ಲ. ಸುಮ್ನೆ ಕೈ ಚಾಚಿ ಹಾಳೆಯನ್ನು ಹಿಂದಕ್ಕೆ ತಿರುವಿ, ಬಿಟ್ಟುಹೋದ ಸಾಲಿನ ಮೇಲೆ ಬೆರಳಿಟ್ಟ. "ಅವನಿಗೆ ಅಭ್ಯಾಸ ಆಗಿಹೋಗಿದೆ ಮೇಡಂ," ಅಂದು ಅತ್ತುಬಿಟ್ಟರು. ಅವರಿಗೆ ಸಮಯದ ಕೊರತೆ ಇರಲಿಲ್ಲ, ನೋಡಿ. ನಿಲ್ಲಿಸದೆ ಬಂದ ಕೆಲಸವೊಂದು ಅವರ ಜೊತೆ ಹಾಸಿಗೆಯವರೆಗೂ ಬಂದಿತ್ತು.

ಅರ್ಧ ಬಿಟ್ಟ ಕೆಲಸ ಮನಸ್ಸಿಗೆ ಅಂಟಿಕೊಳ್ಳುತ್ತದೆ ಅಂತ ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದರು. ಮುಗಿದದ್ದಕ್ಕಿಂತ ಅರ್ಧ ಬಿಟ್ಟದ್ದೇ ಹೆಚ್ಚು ನೆನಪಿರುತ್ತದೆ ಅನ್ನುವ ಅವರ ಫಲಿತಾಂಶ ಆಮೇಲಿನ ಎಲ್ಲ ಪ್ರಯೋಗಗಳಲ್ಲೂ ಬಂದಿಲ್ಲ, ಅದನ್ನೂ ಹೇಳಬೇಕು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು ತೋರಿಸಿದ ವಿಷಯ. ಬಾಕಿ ಕೆಲಸ ತಲೆಯಲ್ಲಿ ಸುತ್ತುವುದು ಕಡಿಮೆಯಾಗಲು ಅದು ಮುಗಿಯಲೇಬೇಕು ಅಂತಿಲ್ಲ. ಯಾವಾಗ, ಹೇಗೆ ಮಾಡುತ್ತೇನೆ ಅನ್ನುವ ಖಚಿತ ಯೋಜನೆ ಇದ್ದರೂ ಮನಸ್ಸು ಅದನ್ನು ಬಿಡುತ್ತದೆ. 2018ರಲ್ಲಿ ನಿದ್ದೆಯ ಸಂಶೋಧಕ ಸ್ಕಲಿನ್ ಮತ್ತು ಜೊತೆಯವರು 57 ಮಂದಿ ಯುವಜನರ ಮೇಲೆ ಒಂದು ಪ್ರಯೋಗ ಮಾಡಿದರು. ಮಲಗುವ ಮುಂಚೆ 5 ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರಿಗೆ, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆ ಹತ್ತಿತು. ಚಿಕ್ಕ ಪ್ರಯೋಗ, ಅದರ ಮೇಲೆ ಜಾಸ್ತಿ ಭಾರ ಹಾಕಬಾರದು. ಆದರೆ ನನ್ನ ಕೋಣೆಯಲ್ಲಿ ಕಾಣುವುದೂ ಅದೇ ದಿಕ್ಕಿನದು.

ಹಾಗಾಗಿ ಏಳುವ ಮುಂಚೆ ಎರಡು ಸಾಲು ಬರೆಯಿರಿ ಅನ್ನುತ್ತೇನೆ. ಎಲ್ಲಿಗೆ ನಿಂತಿತು, ನಾಳೆ ಮೊದಲು ಏನು. ಎಲ್ಲರೂ ತಲೆಯಾಡಿಸಿ ಹೋಗಿ ಎಡವುವುದು ಇಲ್ಲೇ. ಆ ಹೆಣ್ಣುಮಗಳೂ ಮೊದಲ ವಾರ ಬರೆದು ತಂದದ್ದು: "ವರದಿ ಮುಗಿಸಬೇಕು." ಇದು ಯೋಜನೆ ಅಲ್ಲ, ಅದೇ ಚಿಂತೆ ಕಾಗದಕ್ಕೆ ಇಳಿದಿದೆ ಅಷ್ಟೇ. ಮತ್ತೆ 'ಮುಗಿಸುವುದು' ಅಲ್ವಾ? ಇಬ್ಬರೂ ಕೂತು ತಿದ್ದಿದೆವು. "ಮೂರನೇ ಪಟ್ಟಿಯ ಮೊತ್ತ ಹೊಂದುತ್ತಿಲ್ಲ. ಬೆಳಿಗ್ಗೆ ಮೊದಲು ಅದನ್ನೇ ತಾಳೆ ನೋಡುವುದು. 10 ಗಂಟೆಗೂ ಸರಿಹೋಗದಿದ್ದರೆ ಲೆಕ್ಕದ ವಿಭಾಗಕ್ಕೆ ಕೇಳುವುದು." ಇದನ್ನು ಓದಿದ ಯಾರೇ ಆದರೂ ನಾಳೆ ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂತು ಕೆಲಸ ಶುರು ಮಾಡಬಹುದು. ನಿಮ್ಮ ಎರಡು ಸಾಲು ಅಷ್ಟು ಬಿಡಿಸಿ ಹೇಳಬೇಕು. ಪೂರ್ತಿ ಪಟ್ಟಿ ಬೇಡ. ಹೆಚ್ಚು ಕಾಡುವ ಒಂದನ್ನು ಹಿಡಿದರೆ ಸಾಕು.

ಮನೆಯಿಂದಲೇ ಕೆಲಸ ಮಾಡುವವರಿಗೆ, ಹಿರಿಯರ ಆರೈಕೆಯಲ್ಲಿ ಇರುವವರಿಗೆ ಇದು ಇನ್ನೂ ಕಷ್ಟ. ಅವರಿಗೆ ದಾಟಿ ಬರುವ ಬಾಗಿಲೇ ಇಲ್ಲ. ಬರೆದ ಪುಸ್ತಕ ಮುಚ್ಚಿ ಬೇರೆ ಕೋಣೆಯಲ್ಲಿಟ್ಟು ಬನ್ನಿ ಅನ್ನುತ್ತೇನೆ. ಕೆಲವರಿಗೆ ಒಗ್ಗಿದೆ, ಕೆಲವರಿಗೆ ಇಲ್ಲ.

ಹೊರೆಯೇ ಅತಿಯಾಗಿದ್ದರೆ ಎರಡು ಸಾಲಿನಿಂದ ಏನೂ ಆಗದು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದವು. ಅಂಥವರು ಮೊದಲು ಮಾತಾಡಬೇಕಾದದ್ದು ಕೆಲಸ ಕೊಟ್ಟವರ ಜೊತೆ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ನೋಡಿ, ತಡ ಮಾಡಬೇಡಿ.

ಆ ಹೆಣ್ಣುಮಗಳು ಒಂದೂವರೆ ತಿಂಗಳ ಮೇಲೆ ಬಂದಿದ್ದರು. ಕೈಯಲ್ಲಿ ಚೀಟಿಗಳ ಕಟ್ಟು. ವರದಿ ಇನ್ನೂ ಮುಗಿದಿರಲಿಲ್ಲ. ಮಗನಿಗೆ ಹೊಸ ಕಥೆ ಪುಸ್ತಕ ಶುರುವಾಗಿತ್ತು, ಅದರ ಕಥೆಯನ್ನು ನನಗೆ ಅರ್ಧ ಗಂಟೆ ಹೇಳಿದರು.