ಅಪ್ಪನ ಗ್ಲಾಕೋಮಾ ನನಗೂ ಬರುತ್ತದೆಯೇ?

ಪ್ರಶ್ನೆ: ನಮ್ಮ ತಂದೆಗೆ ಗ್ಲಾಕೋಮಾದಿಂದ ಒಂದು ಕಣ್ಣು ಪೂರ್ತಿ ಹೋಗಿದೆ. ನನಗೀಗ 43 ವರ್ಷ, ದೃಷ್ಟಿ ಚೆನ್ನಾಗಿಯೇ ಇದೆ. ಇದು ನನಗೂ ಬರುತ್ತದೆಯೇ? ಬಾರದಂತೆ ಏನು ಮಾಡಬೇಕು?

ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ, ಬಂದೇ ಬರುತ್ತದೆ ಎಂದೇನಿಲ್ಲ. ಆದರೆ ಮನೆಯಲ್ಲಿ ಯಾರಿಗೂ ಇಲ್ಲದವರಿಗಿಂತ ನಿಮಗೆ ಬರುವ ಸಂಭವ ಹಲವು ಪಟ್ಟು ಹೆಚ್ಚು. ಒಡಹುಟ್ಟಿದವರಿಗೆ ಇದ್ದರಂತೂ ಇನ್ನೂ ಎಚ್ಚರ ಬೇಕು, ಹಾಗಾಗಿ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ವಿಷಯ ತಿಳಿಸಿ. ಈ ಕಾಯಿಲೆಗೆ ಸಂಬಂಧಿಸಿದ ಮಯೋಸಿಲಿನ್ ಎಂಬ ಜೀನ್ 1997ರಲ್ಲೇ ಪತ್ತೆಯಾಯಿತು. ಆದರೆ ಅದರಲ್ಲಿ ದೋಷವಿರುವುದು ನೂರು ರೋಗಿಗಳಲ್ಲಿ ಕೆಲವರಿಗೆ ಮಾತ್ರ. ಉಳಿದವರಲ್ಲಿ ಹತ್ತಾರು ಜೀನ್‌ಗಳು ಸ್ವಲ್ಪಸ್ವಲ್ಪ ಪಾಲು ಹಾಕಿರುತ್ತವೆ. ಒಂದು ರಕ್ತಪರೀಕ್ಷೆ ಮಾಡಿಸಿ ಹೌದು, ಇಲ್ಲ ಎಂದು ಹೇಳಲಾಗದು.

‘ದೃಷ್ಟಿ ಚೆನ್ನಾಗಿಯೇ ಇದೆ’ ಎಂಬ ನಿಮ್ಮ ಮಾತೇ ನನಗೆ ಆತಂಕ ತಂದದ್ದು. ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಸುಮಾರು 10 ಲಕ್ಷ ಎಳೆಗಳಿವೆ. ಗ್ಲಾಕೋಮಾದಲ್ಲಿ ಇವು ನೋವಿಲ್ಲದೆ ಸಾಯುತ್ತವೆ. ನೋಟ ಸಾಮಾನ್ಯವಾಗಿ ಅಂಚಿನಿಂದ ಕರಗುತ್ತ ಬರುತ್ತದೆ, ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಗೋಡೆಯ ಮೇಲಿನ ಬೋರ್ಡಿನ ಕೊನೆಯ ಸಾಲನ್ನು ತಪ್ಪಿಲ್ಲದೆ ಓದುವವರಲ್ಲೂ ನರ ಸಾಕಷ್ಟು ಸವೆದಿರಬಹುದು. ಹೋದ ಎಳೆ ಮರಳಿ ಬರುವುದಿಲ್ಲ.

ಆದ್ದರಿಂದ ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಸಾಲದು. ಕಣ್ಣಿನೊಳಗಿನ ದ್ರವದ ಒತ್ತಡ ಏರಿದರೆ ಆ ನರ ಸವೆಯಬಹುದು. ಈ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. (ಪಾದರಸದ ಅಳತೆ) ನಡುವೆ ಇರುತ್ತದೆ, ಅಷ್ಟೇ ಇದ್ದರೂ ಕಾಯಿಲೆ ಬರುವವರಿದ್ದಾರೆ. ಹಾಗಾಗಿ ವೈದ್ಯರು ನರವನ್ನೂ ನೋಡಬೇಕು, ಸುತ್ತಲಿನ ನೋಟ ಎಷ್ಟಿದೆ ಎಂದು ಅಳೆಯುವ ಫೀಲ್ಡ್ ಟೆಸ್ಟ್ ಮಾಡಬೇಕು. ಒಂದು ಕಣ್ಣು ಮುಚ್ಚಿ, ಗಲ್ಲವನ್ನು ಸ್ಟ್ಯಾಂಡಿನ ಮೇಲಿಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತ, ಎಲ್ಲೋ ಒಂದು ಬೆಳಕು ಮಿಣುಕಿದಾಗೆಲ್ಲ ಗುಂಡಿ ಒತ್ತುವುದು. ಬೇಸರ ಬರುವ ಪರೀಕ್ಷೆ, ಆದರೂ ತಪ್ಪಿಸಬೇಡಿ.

ನಿಮ್ಮ ಕೈಯಲ್ಲೇ ಇರುವ ವಿಷಯಗಳಲ್ಲಿ ನಾನು ಮೊದಲು ಹೇಳುವುದು ಸ್ಟೀರಾಯ್ಡ್ ಡ್ರಾಪ್ಸ್. ಕಣ್ಣು ಕೆಂಪಾಯಿತು, ತುರಿಸಿತು ಎಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುತ್ತೇವೆ. ಮರುದಿನವೇ ಹಾಯೆನಿಸುವುದರಿಂದ ತಿಂಗಳುಗಟ್ಟಲೆ ಹಾಕುತ್ತೇವೆ. ಅದು ಕೆಲವರಲ್ಲಿ ಸದ್ದಿಲ್ಲದೆ ಒತ್ತಡ ಏರಿಸುತ್ತದೆ, ಅದೂ ಮನೆಯಲ್ಲಿ ಗ್ಲಾಕೋಮಾ ಇರುವವರಲ್ಲೇ ಹೆಚ್ಚು. ಸ್ಟೀರಾಯ್ಡ್ ಇರುವ ಚರ್ಮದ ಕ್ರೀಮು, ಇನ್ಹೇಲರ್ ಬಳಸುತ್ತಿದ್ದರೆ ಕಣ್ಣಿನ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಶೀರ್ಷಾಸನ ಹಾಕುತ್ತೀರಾ? ತಲೆಕೆಳಗಾಗಿರುವಷ್ಟು ಹೊತ್ತು ಕಣ್ಣಿನ ಒತ್ತಡ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಪರೀಕ್ಷೆ ಆಗುವವರೆಗೆ ಬೇಡ. ದಿನಾ ಚುರುಕಾಗಿ ನಡೆಯಿರಿ, ಒತ್ತಡ ತುಸು ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಹಿಡಿತದಲ್ಲಿಡಿ.

ಮುಂದಿನ ಸಲ ತಂದೆಯವರನ್ನು ಕರೆದೊಯ್ದಾಗ ನಿಮ್ಮ ಹೆಸರಲ್ಲೂ ಒಂದು ಚೀಟಿ ಮಾಡಿಸಿ. ಅವರಿಗೆ ಎಷ್ಟನೇ ವಯಸ್ಸಿನಲ್ಲಿ ಗೊತ್ತಾಯಿತು ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿ.