ಪದ ಪರಿಚಯ: ಸ್ಕಿಪ್

ನಡೆಯುತ್ತಿರುವ ಹಾಡನ್ನು ಅರ್ಧಕ್ಕೇ ಬಿಟ್ಟು ಮುಂದಿನದಕ್ಕೆ ಹೋಗುವುದು ಸ್ಕಿಪ್. ನಮ್ಮ ರಾಯಚೂರಿನ ಆಟೊಗಳಲ್ಲಿ ದಿನಾ ಕೇಳುವ ಮಾತೇ ಇದೆ: ‘ಇದ್ ಬ್ಯಾಡ, ಮುಂದಿಂದು ಹಚ್ಚು.’ ಇಷ್ಟಕ್ಕೆ ವಿವರಣೆ ಬೇರೆ ಬೇಕಾ ಅನ್ನಬಹುದು. ಬೇಕು. ಯಾಕೆಂದರೆ ಒಂದು ಹಾಡನ್ನು ದಾಟಲು ಎಷ್ಟು ಪಾಡು ಪಡಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಹಾಡು ಗ್ರಾಮಫೋನ್ ತಟ್ಟೆಯಲ್ಲಿದೆಯೋ, ಕ್ಯಾಸೆಟ್ಟಿನಲ್ಲಿದೆಯೋ, ಆ್ಯಪಿನಲ್ಲಿದೆಯೋ ಅನ್ನುವುದರ ಮೇಲೆ ಅದು ನಿಂತಿದೆ. ಆ ಪಾಡು ಕಡಿಮೆಯಾದಂತೆಲ್ಲ ನಾವು ಕೇಳುವ ರೀತಿ ಬದಲಾಗಿದೆ. ಹಾಡು ಕಟ್ಟುವ ರೀತಿಯೂ.

ಬಳ್ಳಾರಿ ಸೀಮೆಯ ಬಯಲಾಟದಲ್ಲಿ ಸ್ಕಿಪ್ ಇಲ್ಲ. ಗಣಪತಿ ಸ್ತುತಿಯಿಂದ ಶುರುವಾಗಿ ಬೆಳಕು ಹರಿಯುವ ತನಕ ನಡೆಯುವ ಆಟ ಅದು. ಸಾರಥಿ ಬಂದು ಪಾತ್ರಧಾರಿಗಳನ್ನು ಮಾತಾಡಿಸಿ ಪರಿಚಯ ಮಾಡಿಸುವುದಕ್ಕೇ ಬೇಕಾದಷ್ಟು ಹೊತ್ತು ಹಿಡಿಯುತ್ತದೆ. ನಡುವೆ ಕಂಬಳಿ ಹೊದ್ದು ಒಂದು ನಿದ್ದೆ ತೆಗೆಯುವವರು, ಮಿರ್ಚಿ ತಿನ್ನಲು ಎದ್ದು ಹೋಗುವವರು ಇದ್ದೇ ಇರುತ್ತಾರೆ. ಅದೂ ಸ್ಕಿಪ್ಪೇ ಅಲ್ವಾ ಎಂದರೆ, ನನ್ನ ಲೆಕ್ಕದಲ್ಲಿ ಅಲ್ಲ. ಅವರಿಗೆ ಒಂದಿಷ್ಟು ಆಟ ತಪ್ಪಿತು, ಅಷ್ಟೇ. ಅವರು ಎದ್ದು ಹೋದರೆಂದು ಆಟ ಮುಂದಕ್ಕೆ ಜಿಗಿಯಲಿಲ್ಲ.

ಗ್ರಾಮಫೋನ್ ಬಂದಾಗ ಮೊದಲು ಕತ್ತರಿ ಹಾಕಬೇಕಾಗಿ ಬಂದದ್ದು ಹಾಡುವವರೇ. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷ. ಇವತ್ತು ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಒಂದು ಕಛೇರಿಗೆ ಕುಳಿತರೆ ವಿಳಂಬಿತ ಖ್ಯಾಲೊಂದೇ, ಅಂದರೆ ನಿಧಾನಗತಿಯ ಹಿಂದೂಸ್ತಾನಿ ಹಾಡೊಂದೇ, ಅರ್ಧ ಗಂಟೆ ನಡೆದೀತು. 1902ರಲ್ಲಿ ಕಲ್ಕತ್ತಾದಲ್ಲಿ ತಟ್ಟೆಗೆ ಹಾಡಿದ ಗಾಯಕಿ ಗೌಹರ್ ಜಾನ್ ಇದನ್ನೆಲ್ಲ ಆ ಮೂರು ನಿಮಿಷದೊಳಗೆ ಮಡಚಿ ಇಡಬೇಕಾಯಿತು. ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಕೇಳುವವರಾದರೋ ಕೀಲಿ ಕೊಟ್ಟು, ಮುಳ್ಳು ಇಟ್ಟು ಕುಳಿತ ಮೇಲೆ ಮೂರೇ ನಿಮಿಷದ ಹಾಡನ್ನು ಯಾಕೆ ದಾಟಿಸುತ್ತಾರೆ?

ಸ್ಕಿಪ್ ಮಾಡಲು ಬರುತ್ತದೆ, ಆದರೆ ಸಾಕು ಸಾಕಾಗುತ್ತದೆ ಅನ್ನುವ ಕಾಲ ಕ್ಯಾಸೆಟ್ಟಿನದು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಪುಟ್ಟ ಡಬ್ಬಿ ನಮ್ಮ ಕಡೆ ಮನೆಮನೆ ಸೇರಿದ್ದು ತಡವಾಗಿ. 60 ನಿಮಿಷದ ಕ್ಯಾಸೆಟ್ ಎಂದರೆ ಮಗ್ಗುಲಿಗೆ 30 ನಿಮಿಷ. ಬೇಡದ ಹಾಡು ಬಂದರೆ ಫಾರ್ವರ್ಡ್ ಒತ್ತಿ, ಕಿರ್ರೆಂದು ಓಡಿಸಿ, ಅಂದಾಜಿನ ಮೇಲೆ ನಿಲ್ಲಿಸಬೇಕು. ನಿಲ್ಲಿಸಿದಾಗ ಮುಂದಿನ ಹಾಡಿನ ಪಲ್ಲವಿ ದಾಟಿ ಚರಣಕ್ಕೇ ಬಂದಿರುತ್ತಿತ್ತು. ಮತ್ತೆ ರಿವೈಂಡ್. ಅಷ್ಟರಲ್ಲಿ ಸೆಲ್ ಇಳಿಯುತ್ತದೆ, ರೀಲು ಸಿಕ್ಕಿಕೊಳ್ಳುತ್ತದೆ, ಒಳಗಿನಿಂದ ಯಾರಾದರೂ ಬೈಯುತ್ತಾರೆ. ‘ಇರ್ಲಿ ಬಿಡು’ ಎಂದು ಸುಮ್ನೆ ಕೇಳಿಬಿಡುವುದೇ ಮೇಲು.

ಈ ‘ಇರ್ಲಿ ಬಿಡು’ವಿನಿಂದ ಕಿವಿಗೆ ಬಿದ್ದದ್ದು ಬಹಳ. ರಾಯಚೂರು ಜಿಲ್ಲೆ ದಾಸರ ಸೀಮೆ. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಇಲ್ಲಿಯವರೇ. ದಾಸರ ಪದಗಳ ಕ್ಯಾಸೆಟ್ಟಿನಲ್ಲಿ ಗೊತ್ತಿರುವ ಎರಡು ಪದಗಳ ನಡುವೆ ಒಂದು ಸುಳಾದಿ ಇದ್ದರೆ ಅದನ್ನೂ ಕೇಳಲೇಬೇಕಿತ್ತು. ಸುಳಾದಿ ಎಂದರೆ ಉದ್ದನೆಯ ರಚನೆ, ಹೋಗ್ತಾ ಹೋಗ್ತಾ ತಾಳವೇ ಬದಲಾಗುತ್ತದೆ. ಮೊದಲ ಸಲಕ್ಕೆ ಯಾರಿಗೂ ಅಷ್ಟಾಗಿ ಹಿಡಿಸದು. ನಾಲ್ಕಾರು ಸಲ ಕೇಳಿದ ಮೇಲೆ ತಾಳ ತಿರುಗುವ ಜಾಗ ಬರುವ ಮೊದಲೇ ಬೆರಳು ತೊಡೆಯ ಮೇಲೆ ಕಾಯುತ್ತಿರುತ್ತದೆ. ಕೈಯಲ್ಲಿ ಸ್ಕಿಪ್ ಬಟನ್ ಇದ್ದಿದ್ದರೆ ಎರಡನೇ ಸಲವೇ ಅದು ಹಾರಿಹೋಗುತ್ತಿತ್ತು.

1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಿಂದ ಒಂದೇ ಒತ್ತಿಗೆ ಮುಂದಿನ ಹಾಡು ಶುರುವಾಗತೊಡಗಿತು. ಆದರೆ ನಮ್ಮ ಹಳ್ಳಿಗಳಲ್ಲಿ ಸ್ಕಿಪ್ ನಿಜವಾಗಿ ಬೇರೂರಿದ್ದು ಮೆಮೊರಿ ಕಾರ್ಡು, ಪೆನ್‌ಡ್ರೈವುಗಳಿಂದ. ಸಾಧಾರಣ ಗುಣಮಟ್ಟದ ಎಂಪಿ3ಗೆ ನಿಮಿಷಕ್ಕೆ ಸುಮಾರು 1 ಎಂಬಿ ಸಾಕು. 8 ಜಿಬಿಯಲ್ಲಿ ಸಾವಿರಕ್ಕೂ ಮೇಲೆ ಹಾಡು. ಮೊಬೈಲ್ ಅಂಗಡಿಗೆ ಹೋಗಿ ‘ತುಂಬಿಸಿ ಕೊಡು’ ಎಂದರೆ ಆರಿಸುವ ಕೆಲಸ ಅಂಗಡಿಯ ಹುಡುಗನದು. ಹಾಡಿನ ಸರದಿಯೂ ಅವನದೇ. ಅಗ್ಗದ ಪ್ಲೇಯರುಗಳಲ್ಲಿ ಎಷ್ಟೋ ಹಾಡುಗಳನ್ನು ಹೆಸರು ನೋಡಿ ಜೋಡಿಸುವುದಿಲ್ಲ. ಯಾವುದು ಮೊದಲು ಕಾಪಿ ಆಯಿತೋ ಅದೇ ಮೊದಲು ಬರುತ್ತದೆ. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ಭತ್ತದ ಗದ್ದೆಗೆ ಇಳಿದ ಟ್ರ್ಯಾಕ್ಟರನ್ನು ನೋಡಿ. ಅರ್ಧ ಹಾಡು, ಮತ್ತೊಂದರ ಕಾಲು, ಆಮೇಲೆ ಒಂದು ಜನಪದ ಪೂರ್ತಿ. ಪೂರ್ತಿ ನಡೆದದ್ದು ಇಷ್ಟವಾಗಿ ಇರಬಹುದು, ಕೈ ಕೆಸರಾಗಿತ್ತೆಂದೂ ಇರಬಹುದು.

ಆ್ಯಪಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೆ ಕಾಣುವುದು ಒತ್ತಿದ್ದು ಮಾತ್ರ. ಸ್ಕಿಪ್ ಎಂಬ ಪದಕ್ಕೆ ಹೊಸ ಅರ್ಥ ಸೇರಿದ್ದು ಇಲ್ಲೇ. ನೀವು ಯಾವ ಹಾಡನ್ನು ಎಲ್ಲಿ ಬಿಟ್ಟಿರಿ ಅನ್ನುವುದು ದಾಖಲಾಗುತ್ತದೆ, ನಾಳೆ ನಿಮ್ಮ ಮುಂದೆ ಏನು ಇಡಬೇಕು ಅನ್ನುವುದಕ್ಕೆ ಅದೂ ಒಂದು ಸುಳಿವು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರಷ್ಟೇ ಒಂದು ಪ್ಲೇ ಎಂದು ಲೆಕ್ಕ. ಆ ಅರ್ಧ ನಿಮಿಷದೊಳಗೆ ಕೇಳುಗರನ್ನು ಹಿಡಿದಿಡಬೇಕು. ಹಾಡಿನ ಮುಂಚಿನ ವಾದ್ಯಗಳ ಬಿಟ್ ಚಿಕ್ಕದಾಗುತ್ತಾ ಬಂದದ್ದಕ್ಕೆ ಇದೂ ಒಂದು ಕಾರಣ ಎನ್ನುತ್ತಾರೆ. ಅಮೆರಿಕದ ಟಾಪ್ 10 ಹಾಡುಗಳ ಒಂದು ಅಧ್ಯಯನದಲ್ಲಿ 1980ರ ದಶಕದ ನಡುವೆ 20 ಸೆಕೆಂಡಿಗೂ ಮೇಲಿದ್ದ ಈ ಭಾಗ 2015ರ ಹೊತ್ತಿಗೆ 5 ಸೆಕೆಂಡಿನ ಆಸುಪಾಸಿಗೆ ಇಳಿದಿದ್ದು ಕಂಡಿದೆ. ಏಕತಾರಿ ಮೀಟಿ, ಗಂಟಲು ಸರಿಮಾಡಿಕೊಂಡು ಶುರುಮಾಡುವ ತತ್ವಪದದವರಿಗೆ ಇಲ್ಲಿ ಎಲ್ಲಿಯ ಜಾಗ?

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಫೋನ್ ಒಂದು, ಕೇಳುವವರು ನಾಲ್ಕು ಮಂದಿ. ಬೆಳಿಗ್ಗೆ ಅಜ್ಜಿ ಕೇಳುವ ದೇವರನಾಮಗಳನ್ನು ಸಂಜೆ ಮೊಮ್ಮಗ ಒಂದೊಂದಾಗಿ ದಾಟಿಸಿದರೆ, ಆ್ಯಪಿನ ಲೆಕ್ಕದಲ್ಲಿ ಇಬ್ಬರೂ ಒಬ್ಬರೇ. ಸ್ಪಾಟಿಫೈನಲ್ಲಿ ಇದಕ್ಕೆ ಪ್ರೈವೇಟ್ ಸೆಷನ್ ಎಂಬ ಆಯ್ಕೆ ಇದೆ. ಅದು ಆನ್ ಇದ್ದಾಗ ಕೇಳಿದ್ದು ನಾಳೆಯ ಸಲಹೆಗಳ ಲೆಕ್ಕಕ್ಕೆ ಸೇರದೆ ಇರಬಹುದು. ಹುಡುಗನ ಕೈಗೆ ಫೋನ್ ಕೊಡುವ ಮುಂಚೆ ಅದನ್ನು ಆನ್ ಮಾಡಿಕೊಡಿ.