ಕಪ್ಪುಕುಳಿಯ ಪ್ರತಿಧ್ವನಿ: ಒಂದೇ ದೀಪದಿಂದ ಶುರುವಾದ ಲೆಕ್ಕ

ಗ್ಯಾಲಕ್ಸಿಗಳ ನಡುಮಧ್ಯೆ ಇರುವ ಭಾರಿ ಕಪ್ಪುಕುಳಿಗಳ ಪಕ್ಕದಲ್ಲಿ ಸುಮಾರು ನೂರು ಕೋಟಿ ಡಿಗ್ರಿಗೆ ಕಾದ ಅನಿಲ ಇರುತ್ತದೆ. ಇದೇ ಕರೋನಾ. ಎಕ್ಸ್-ರೇ ಹುಟ್ಟುವುದು ಇಲ್ಲಿಂದ. ಅದರ ಆಕಾರ ಹೇಗೆ, ಎತ್ತರ ಎಷ್ಟು? ಯಾವ ಎಕ್ಸ್-ರೇ ದೂರದರ್ಶಕಕ್ಕೂ ಅಷ್ಟು ಸೂಕ್ಷ್ಮ ಕಾಣದು. ಹಾಗಾಗಿ ಖಗೋಳ ವಿಜ್ಞಾನಿಗಳು ಸೆಕೆಂಡ್ ಎಣಿಸುತ್ತಾರೆ. ಸ್ವಲ್ಪ ಬೆಳಕು ನೇರವಾಗಿ ಬರುತ್ತದೆ. ಸ್ವಲ್ಪ, ಕಪ್ಪುಕುಳಿಯನ್ನು ಸುತ್ತುವ ಅನಿಲದ ತಟ್ಟೆಗೆ ಬಡಿದು ತಡವಾಗಿ ಬರುತ್ತದೆ. ಆ ತಡವೇ ಪ್ರತಿಧ್ವನಿ.

1982ರಲ್ಲಿ ಬ್ಲ್ಯಾಂಡ್‌ಫರ್ಡ್ ಮತ್ತು ಮೆಕ್ಕೀ ಎಂಬ ವಿಜ್ಞಾನಿಗಳು ಈ ಬಗೆಯ ಗಣಿತ ಬರೆದರು, 1995ರಲ್ಲಿ ಜಪಾನಿನ ಆಸ್ಕಾ ಉಪಗ್ರಹ ಹಿಗ್ಗಿದ ಕಬ್ಬಿಣದ ರೇಖೆ (ತಟ್ಟೆಯ ಕಬ್ಬಿಣ ಒಂದು ನಿಶ್ಚಿತ ಶಕ್ತಿಯಲ್ಲಿ ಸೂಸುವ ಎಕ್ಸ್-ರೇ) ತೋರಿಸಿತು, 2009ರಲ್ಲಿ ಪ್ರತಿಧ್ವನಿಯೇ ಸಿಕ್ಕಿತು. 1ಎಚ್ 0707-495 ಎಂಬ ಗ್ಯಾಲಕ್ಸಿಯಲ್ಲಿ ಆಂಡಿ ಫೇಬಿಯನ್ ತಂಡ ಎಕ್ಸ್‌ಎಂಎಂ-ನ್ಯೂಟನ್ ಎಂಬ ಎಕ್ಸ್-ರೇ ದೂರದರ್ಶಕ ಬಳಸಿ ಕಂಡ ತಡ ಸುಮಾರು 30 ಸೆಕೆಂಡ್.

ಬೆಳಕಿಗೆ 30 ಸೆಕೆಂಡ್ ಅಂದರೆ 90 ಲಕ್ಷ ಕಿಲೋಮೀಟರ್, ಅಲ್ವಾ? ಅಷ್ಟು ಸಲೀಸಲ್ಲ. ಎಕ್ಸ್-ರೇಯ ಪ್ರತಿ ಶಕ್ತಿಯ ಪಟ್ಟಿಯಲ್ಲೂ ನೇರ ಬೆಳಕು, ಬಡಿದು ಬಂದ ಬೆಳಕು ಎರಡೂ ಬೆರೆತಿರುತ್ತವೆ. ಹಾಗಾಗಿ ಅಳತೆಗೆ ಸಿಗುವ ತಡ ನಿಜಕ್ಕಿಂತ ಕಡಿಮೆ. ಹೊಳಪಿನ ನಿಧಾನದ ಏರಿಳಿತಗಳಲ್ಲಂತೂ ತಡ ಉಲ್ಟಾ: ಹೆಚ್ಚು ಶಕ್ತಿಯ ಎಕ್ಸ್-ರೇ ಹಿಂದೆ ಬೀಳುತ್ತದೆ. ಅದಕ್ಕೆ ಕಾರಣವೇ ಬೇರೆ. ಸಾಲದ್ದಕ್ಕೆ, ಗುರುತ್ವ ಬೆಳಕಿನ ದಾರಿಯನ್ನು ಬಗ್ಗಿಸಿ ಇನ್ನಷ್ಟು ತಡಮಾಡುತ್ತದೆ. ಕಂಪ್ಯೂಟರ್‌ನಲ್ಲಿ ಒಂದೊಂದು ಕಿರಣದ ದಾರಿ ಹಿಡಿಯದೆ ಬೇರೆ ದಾರಿಯಿಲ್ಲ.

ಇಲ್ಲಿ ಬಂದದ್ದೇ ಲ್ಯಾಂಪ್‌ಪೋಸ್ಟ್ ಮಾದರಿ. ಇಡೀ ಕರೋನಾ ಒಂದು ಚುಕ್ಕೆ, ಕಪ್ಪುಕುಳಿಯ ನೆತ್ತಿಯ ಮೇಲೆ ನಿಂತ ದೀಪ. ದೀಪದ ಎತ್ತರ, ಕಪ್ಪುಕುಳಿಯ ತೂಕ, ಅದು ತಿರುಗುವ ವೇಗ, ತಟ್ಟೆಯ ಓರೆ, ಇವಿಷ್ಟು ಕೊಟ್ಟರೆ ಹೆಚ್ಚುಕಡಿಮೆ ಉತ್ತರ ಬಂತು. ಇಷ್ಟು ಬಿಸಿ ಅನಿಲ ಒಂದೇ ಚುಕ್ಕೆಯಲ್ಲಿ ಹೇಗೆ ನಿಲ್ಲುತ್ತದೆ ಅನ್ನುವ ಪ್ರಶ್ನೆ ಪಕ್ಕಕ್ಕೆ ಸರಿಯಿತು. ಲೆಕ್ಕ ಸುಲಭ ಅಂತ ತಾತ್ಕಾಲಿಕಕ್ಕೆ ಇಟ್ಟದ್ದು ಕೊನೆಗೆ ಚಿತ್ರವೇ ಆಗಿಬಿಟ್ಟಿತು. ಆಮೇಲೆ ಕೆಲವರು ಒಂದರ ಮೇಲೊಂದು ಎರಡು ದೀಪ ಇಟ್ಟೂ ನೋಡಿದರು!

2010ರಲ್ಲಿ ಆಕ್ಷೇಪ ಬಂತು: ದೂರದ ಅನಿಲಕ್ಕೆ ತಾಗಿ ಚದುರಿದ ಬೆಳಕೂ ಇಂಥ ತಡ ತರಬಲ್ಲದು. 2012ರಲ್ಲಿ ಎನ್‌ಜಿಸಿ 4151 ಎಂಬ ಗ್ಯಾಲಕ್ಸಿಯಲ್ಲಿ ಕಬ್ಬಿಣದ ರೇಖೆಯೂ ತಡವಾಗಿ ಬಂದದ್ದು ಕಂಡಮೇಲೆ ಪ್ರತಿಧ್ವನಿಯ ಪಕ್ಷ ಗಟ್ಟಿಯಾಯಿತು. ಮರುವರ್ಷ, ಕಪ್ಪುಕುಳಿ ಭಾರವಾದಷ್ಟೂ ತಡ ಜಾಸ್ತಿ ಎಂದೂ ಗೊತ್ತಾಯಿತು. ಪ್ರತಿಧ್ವನಿ ಇದೆ, ಸರಿ. ದೀಪದ ಆಕಾರ ಮಾತ್ರ ಇತ್ಯರ್ಥವಾಗಲಿಲ್ಲ.

2020ರಲ್ಲಿ ಐಆರ್‌ಎಎಸ್ 13224-3809 ಗ್ಯಾಲಕ್ಸಿಯ ಪ್ರತಿಧ್ವನಿಗೆ ಹೊಂದಿಸಿದ ಲೆಕ್ಕದಲ್ಲಿ, ಹೊಳಪು ಹೆಚ್ಚಿದಂತೆ ದೀಪದ ಎತ್ತರವೂ ಏರಿತು. 2023ರಲ್ಲಿ ಐಎಕ್ಸ್‌ಪಿಇ ಉಪಗ್ರಹ ಎನ್‌ಜಿಸಿ 4151ರ ಎಕ್ಸ್-ರೇ ಧ್ರುವೀಕರಣ, ಅಂದರೆ ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದನ್ನು, ಅಳೆಯಿತು. ಅದಕ್ಕೆ ಹೊಂದುವುದು ತಟ್ಟೆಯುದ್ದಕ್ಕೂ ಹರಡಿಕೊಂಡ ಕರೋನಾ. ನೆತ್ತಿಯ ಮೇಲಿನ ಗುಂಡು ದೀಪ ಹೊಂದುವುದಿಲ್ಲ. ಹರಡಿದ ಕರೋನಾಕ್ಕೆ ಲೆಕ್ಕ ಹಾಕಲು ಎತ್ತರವೊಂದೇ ಸಾಲದು. ಅಗಲ ಬೇಕು, ಅನಿಲ ಹರಿಯುವ ವೇಗ ಬೇಕು, ಹೊಳಪಿನ ಏರಿಳಿತ ಅದರೊಳಗೆ ಹೇಗೆ ಸಾಗುತ್ತದೆ ಅನ್ನುವುದೂ ಬೇಕು.